ಪ್ರತಿಭೆಯೆಂಬ ಹೆಸರಿನ ಮೀಸಲಾತಿ

ಕಾಲೇಜು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿಯನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 2023ರ ಜೂನ್ 29ರಂದು ಅಸಾಂವಿಧಾನಿಕವೆಂದು ಸಾರಿದಾಗ, ಅನಿವಾಸಿ ಭಾರತೀಯರಲ್ಲಿ ಹಲವರು ಅದನ್ನು ‘ಮೆರಿಟ್’ನ ಗೆಲುವೆಂದು ಕೊಂಡಾಡಿದರು. ಅದೇ ಮೊಕದ್ದಮೆಯಲ್ಲಿ ಹಾರ್ವರ್ಡ್‌ನಿಂದ ಹೊರಬಂದ ದಾಖಲೆಗಳು ಹೇಳುವ ಇನ್ನೊಂದು ಸತ್ಯದ ಬಗ್ಗೆ ಮಾತ್ರ ಈ ವಲಯದಲ್ಲಿ ಮೌನವೇ ಹೆಚ್ಚು.

ಆ ದಾಖಲೆಗಳನ್ನು ಆಧರಿಸಿ ಅರ್ಥಶಾಸ್ತ್ರಜ್ಞ ಪೀಟರ್ ಆರ್ಸಿಡಿಯಾಕೊನೊ ಮತ್ತು ಸಂಗಡಿಗರು 2019ರಲ್ಲಿ ಹೊರತಂದ ಅಧ್ಯಯನದ ಪ್ರಕಾರ, ಹಾರ್ವರ್ಡ್ ಸೇರಿಸಿಕೊಂಡ ಬಿಳಿಯ ವಿದ್ಯಾರ್ಥಿಗಳಲ್ಲಿ ಶೇ. 43ಕ್ಕೂ ಹೆಚ್ಚು ಮಂದಿ ತರಬೇತುದಾರರು ಆರಿಸಿದ ಕ್ರೀಡಾಪಟುಗಳು, ಹಳೆಯ ವಿದ್ಯಾರ್ಥಿಗಳ ಇಲ್ಲವೇ ಸಿಬ್ಬಂದಿಯ ಮಕ್ಕಳು, ಅಥವಾ ಡೀನ್ ಅವರ ವಿಶೇಷ ಪಟ್ಟಿಯಲ್ಲಿದ್ದವರು. ಕಪ್ಪು, ಏಷ್ಯನ್, ಹಿಸ್ಪಾನಿಕ್ ವಿದ್ಯಾರ್ಥಿಗಳಲ್ಲಿ ಈ ಪ್ರಮಾಣ ಶೇ. 16ಕ್ಕಿಂತ ಕಡಿಮೆ. ಇವುಗಳಲ್ಲಿ ಅತ್ಯಂತ ಬಲವಾದ ಆಸರೆ ಕ್ರೀಡೆಯದು: ಆಯ್ದ ಕ್ರೀಡಾಪಟುಗಳಲ್ಲಿ ಶೇ. 86 ಮಂದಿಗೆ ಸೀಟು ದೊರೆತರೆ, ಯಾವ ಆಸರೆಯೂ ಇಲ್ಲದವರಲ್ಲಿ ದೊರೆಯುವುದು ಸುಮಾರು ಶೇ. 6 ಮಂದಿಗೆ. ತರಬೇತುದಾರರು ಮೊದಲೇ ಸೋಸಿ ಆರಿಸುತ್ತಾರೆಂಬುದನ್ನು ಒಪ್ಪಿದರೂ ಈ ಅಂತರ ದಿಗ್ಭ್ರಮೆ ಹುಟ್ಟಿಸುವಂಥದು.

ಕ್ರೀಡೆಯೆಂದೊಡನೆ ಬಡ ಕೇರಿಯ ಬ್ಯಾಸ್ಕೆಟ್‌ಬಾಲ್ ಆಟಗಾರನ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಆದರೆ ಈ ಕಾಲೇಜುಗಳ ತಂಡಗಳಲ್ಲಿ ದೋಣಿ ಹುಟ್ಟುಹಾಕುವವರು, ಸ್ಕ್ವಾಷ್, ಫೆನ್ಸಿಂಗ್, ಗಾಲ್ಫ್, ಹಾಯಿದೋಣಿಯ ಪಟುಗಳೂ ಇದ್ದಾರೆ. ಯಾವ ಬಡ ಬಡಾವಣೆಯ ಸರ್ಕಾರಿ ಶಾಲೆಯಲ್ಲಿ ಸ್ಕ್ವಾಷ್ ಅಂಗಳವಿದೆ? ಐವಿ ಲೀಗ್ ಕ್ರೀಡಾ ವಿದ್ಯಾರ್ಥಿವೇತನ ನೀಡುವುದಿಲ್ಲ ನಿಜ. ಅದಕ್ಕಿಂತ ದುಬಾರಿಯಾದ ಸೀಟನ್ನೇ ನೀಡುತ್ತದೆ. ರಾಜ್ ಚೆಟ್ಟಿ ಮತ್ತು ಸಹೋದ್ಯೋಗಿಗಳ 2023ರ ಅಧ್ಯಯನವು, ಸಮಾನ ಪರೀಕ್ಷಾಂಕ ಪಡೆದಿದ್ದರೂ ಅತಿ ಶ್ರೀಮಂತ ಶೇ. 1ರ ಮಕ್ಕಳು ಈ ಮಟ್ಟದ ಕಾಲೇಜು ಸೇರುವ ಸಾಧ್ಯತೆ ಮಧ್ಯಮ ವರ್ಗದವರ ಎರಡು ಪಟ್ಟಿಗೂ ಹೆಚ್ಚೆಂದು ತೋರಿಸಿತು. ಪ್ರವೇಶ ನಿರ್ಧಾರದಲ್ಲಿ ಅವರಿಗೆ ಸಿಗುವ ಮೇಲುಗೈಯಲ್ಲಿ ಸುಮಾರು ಕಾಲು ಭಾಗಕ್ಕೆ ಕ್ರೀಡಾ ನೇಮಕಾತಿಯೇ ಕಾರಣ.

2019ರಲ್ಲಿ ಬಯಲಾದ ಪ್ರವೇಶ ಹಗರಣದಲ್ಲಿ, ಆಟವನ್ನೇ ಆಡದ ಮಕ್ಕಳು ಲಂಚದ ಬಲದಿಂದ ಕ್ರೀಡಾಪಟುಗಳಾಗಿದ್ದರು. ತರಬೇತುದಾರನ ಮಾತಿಗೆ ಅಷ್ಟು ಬೆಲೆಯಿದ್ದುದರಿಂದಲೇ ಅದನ್ನು ಕೊಳ್ಳಲು ಜನ ಸಾಲುಗಟ್ಟಿದರು.

ಕ್ರೀಡೆ ಶಿಸ್ತು ಕಲಿಸುತ್ತದೆಂಬ ವಾದ ಸುಳ್ಳಲ್ಲ. ಶಾಲೆ ಮುಗಿಸಿ ಅಂಗಡಿಯಲ್ಲಿ ದುಡಿಯುವ, ತಮ್ಮ ತಂಗಿಯರನ್ನು ಸಾಕುವ ಹುಡುಗಿಯ ಶಿಸ್ತಿಗೂ ಅಷ್ಟೇ ತೂಕ ಸಿಗುತ್ತದೆಯೇ ಎಂಬುದು ಪ್ರಶ್ನೆ.

ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದಲ್ಲೂ ಕ್ರೀಡಾ ಕೋಟಾ ಇದೆ. ಆದರೆ ಅದನ್ನು ಕೋಟಾ ಎಂದೇ ಕರೆಯುತ್ತಾರೆ. 1918ರಲ್ಲಿ ಮೈಸೂರು ಸಂಸ್ಥಾನ ಮಿಲ್ಲರ್ ಸಮಿತಿಯನ್ನು ನೇಮಿಸಿದಂದಿನಿಂದ ಯಾರಿಗೆಷ್ಟು ಪಾಲು ಎಂಬ ಜಗಳ ಕನ್ನಡ ನಾಡಿನಲ್ಲಿ ಬಹಿರಂಗವಾಗಿಯೇ ನಡೆದಿದೆ. ಉಳ್ಳವರ ಪಾಲಿಗೆ ‘ಪ್ರತಿಭೆ’ ಎಂಬ ಹೆಸರಿಟ್ಟರೆ ಆ ಜಗಳಕ್ಕೂ ಅವಕಾಶವಿಲ್ಲ.

ಹಳೆಯ ವಿದ್ಯಾರ್ಥಿಗಳ ಮತ್ತು ದಾನಿಗಳ ಮಕ್ಕಳಿಗಿದ್ದ ಆದ್ಯತೆಯನ್ನು ಕ್ಯಾಲಿಫೋರ್ನಿಯಾ 2024ರಲ್ಲಿ ಖಾಸಗಿ ಕಾಲೇಜುಗಳಲ್ಲೂ ನಿಷೇಧಿಸಿತು, ಕ್ರೀಡೆಯನ್ನು ಮುಟ್ಟಲಿಲ್ಲ. ಪ್ರತಿ ತಂಡಕ್ಕೆ ಎಷ್ಟು ಸೀಟು, ಆ ಕುಟುಂಬಗಳ ವರಮಾನವೆಷ್ಟು ಎಂಬುದನ್ನು ಕಾಲೇಜುಗಳು ಪ್ರಕಟಿಸುವಂತೆ ಒತ್ತಾಯಿಸುವುದು ಮುಂದಿನ ಹೆಜ್ಜೆಯಾಗಬೇಕು. ಮೀಸಲಾತಿಯಿಂದ ಮೆರಿಟ್ ಹಾಳಾಯಿತೆಂದು ಊರಿನ ವಾಟ್ಸಾಪ್ ಗುಂಪುಗಳಲ್ಲಿ ಬರೆಯುತ್ತ, ಇಲ್ಲಿ ಮಗುವನ್ನು ಫೆನ್ಸಿಂಗ್ ತರಗತಿಗೆ ಕರೆದೊಯ್ಯುವ ಅನಿವಾಸಿ ಕನ್ನಡಿಗರು ಈ ಒತ್ತಾಯಕ್ಕೆ ದನಿಗೂಡಿಸಿದರೆ, ಮೆರಿಟ್ ಕುರಿತ ಅವರ ಮಾತಿಗೂ ಬೆಲೆ ಬಂದೀತು.