ಹೊಡೆತ ತಿಂದವಳು ಎಲ್ಲಿಗೆ ಹೋಗಬೇಕು?

ಯಾವುದೋ ಮನೆಯಲ್ಲಿ ಗಂಡ ಹೆಂಡತಿಯನ್ನು ಹೊಡೆಯುತ್ತಾನೆಂದು ಗೊತ್ತಾದರೆ ನಮ್ಮ ಬಾಯಿಗೆ ಬರುವ ಮೊದಲ ಪ್ರಶ್ನೆ, ‘ಕುಡೀತಾನಾ?’ ಎರಡನೆಯದು, ‘ಅಷ್ಟಾದರೂ ಅವಳು ಯಾಕೆ ಅಲ್ಲೇ ಇದ್ದಾಳೆ?’ ಮೊದಲನೆಯದು ತಪ್ಪನ್ನು ಬಾಟಲಿಯ ಮೇಲೆ ಹಾಕುತ್ತದೆ, ಎರಡನೆಯದು ಅವಳ ಮೇಲೆ. ಬಿಟ್ಟು ಹೋಗಲು ಅವಳಿಗೊಂದು ಜಾಗವಿದೆಯೇ ಎಂದು ಕೇಳುವವರು ಕಡಿಮೆ. ಕೌಟುಂಬಿಕ ಹಿಂಸೆಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಅಲ್ಲಿಂದಲೇ ಶುರು ಮಾಡಬೇಕು ಎಂಬುದು ನನ್ನ ವಾದ.

ಕುಡಿತ ಹಿಂಸೆಯನ್ನು ಹೆಚ್ಚಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕುಡಿದು ಬಂದವನು ದಾರಿಯಲ್ಲಿ ಎದುರಾದ ಸಾಲ ಕೊಟ್ಟ ಸಾಹುಕಾರನ ಮೇಲೆ ಕೈ ಎತ್ತುವುದಿಲ್ಲ. ಅಷ್ಟು ಎಚ್ಚರ ಅವನಿಗೆ ಇರುತ್ತದೆ. ಮನೆಗೆ ಬಂದು, ಬಾಗಿಲು ಹಾಕಿ, ತಿರುಗಿ ಹೊಡೆಯಲಾರದವಳನ್ನೇ ಹೊಡೆಯುತ್ತಾನೆ. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರಲ್ಲಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ರಾಜ್ಯದಲ್ಲಿ ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 44.4ರಷ್ಟು ಮಂದಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾರೆ. ದೇಶದಲ್ಲೇ ಅತಿ ಹೆಚ್ಚು ಇದು. ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ. 20.6 ಇತ್ತು. ಹಿಂಸೆಯೇ ದುಪ್ಪಟ್ಟಾಯಿತೋ, ಹೇಳಿಕೊಳ್ಳುವ ಧೈರ್ಯ ಬಂತೋ ಎಂದು ಚರ್ಚಿಸಬಹುದು. ಲಾಕ್‌ಡೌನ್ ಕಾರಣವಂತೂ ಅಲ್ಲ, ಕರ್ನಾಟಕದ ಮನೆಗಳಲ್ಲಿ ಈ ಮಾಹಿತಿ ಸಂಗ್ರಹಿಸಿದ್ದು 2019ರಲ್ಲಿ. ನನ್ನನ್ನು ಇನ್ನೂ ಕಾಡುವುದು ಅದೇ ಸಮೀಕ್ಷೆಯ ಮತ್ತೊಂದು ಅಂಕಿ. ಅಡುಗೆ ಸರಿಯಿಲ್ಲದ್ದು, ಹೇಳದೆ ಹೊರಗೆ ಹೋದದ್ದು, ಅತ್ತೆ ಮಾವನಿಗೆ ಮರ್ಯಾದೆ ಕೊಡದಿದ್ದದ್ದು ಮುಂತಾದ ಏಳು ಕಾರಣಗಳನ್ನು ಮುಂದಿಟ್ಟು, ಗಂಡ ಹೊಡೆದರೆ ಸರಿಯೇ ಎಂದು ಕೇಳಿದಾಗ, ರಾಜ್ಯದ ಶೇ. 76.9ರಷ್ಟು ಹೆಂಗಸರು ಮತ್ತು ಶೇ. 81.9ರಷ್ಟು ಗಂಡಸರು ಒಂದಲ್ಲ ಒಂದು ಕಾರಣಕ್ಕೆ ಹೌದು ಎಂದರು. ಅಂದಮೇಲೆ ಹೊಡೆಯುವವನ ಹಿಂದೆ ಒಂದು ದೊಡ್ಡ ಒಪ್ಪಿಗೆ ನಿಂತಿದೆ.

ಆ ಒಪ್ಪಿಗೆ ಕಣ್ಣಿಗೆ ಕಾಣುವುದು ಪಂಚಾಯಿತಿ ಕೂತಾಗ. ಏಟು ತಾಳಲಾರದೆ ಮಗಳು ಬ್ಯಾಗು ಹಿಡಿದು, ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬರುತ್ತಾಳೆ. ವಾರ ಕಳೆಯುವುದರೊಳಗೆ ಎರಡೂ ಕಡೆಯ ನಾಲ್ಕು ಜನ ಹಿರಿಯರು ಜಗಲಿಯ ಮೇಲೆ ಸೇರುತ್ತಾರೆ. ಕಾಫಿ ಆಗುತ್ತದೆ. ಅಳಿಯ ತಲೆ ತಗ್ಗಿಸಿ ಕೂತಿರುತ್ತಾನೆ. ‘ಇನ್ನೊಂದು ಸಲ ಹಂಗೆ ಮಾಡಿದ್ರೆ ನೋಡು’ ಎಂದು ಒಬ್ಬರು ಗದರುತ್ತಾರೆ. ‘ನೀನೂ ಸ್ವಲ್ಪ ಹೊಂದ್ಕೊಂಡು ಹೋಗ್ಬೇಕಮ್ಮ, ಮಕ್ಕಳ ಮುಖ ನೋಡು’ ಎಂದು ಇನ್ನೊಬ್ಬರು ಅವಳಿಗೆ ಹೇಳುತ್ತಾರೆ. ಮಾತು ಸ್ಟೇಷನ್ನಿನವರೆಗೆ ಹೋಗಿದ್ದರೆ ಒಂದು ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಸಂಜೆಯ ಬಸ್ಸಿಗೆ ಅವಳು ವಾಪಸ್ಸು. ಆ ಹಿರಿಯರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಸಂಸಾರ ಉಳಿಸಿದೆವೆಂದು ಅವರು ಮನಸಾರೆ ನಂಬಿರುತ್ತಾರೆ. ಆದರೆ ಅವತ್ತು ಅಳಿಯನಿಗೆ ಮನದಟ್ಟಾಗುವುದು ಒಂದೇ: ಏನು ಮಾಡಿದರೂ ಇವಳನ್ನು ಇವರೇ ತಂದು ಬಿಡುತ್ತಾರೆ. ಮುಂದಿನ ಏಟು ಬೀಳುವುದು ಆ ಧೈರ್ಯದ ಮೇಲೆ.

ಇನ್ನು ‘ಮಕ್ಕಳ ಮುಖ ನೋಡು’ ಎಂಬ ಮಾತು. ಯಾರಾದರೂ ನಿಜವಾಗಿ ಆ ಮುಖ ನೋಡಿದ್ದಾರೆಯೇ? ಅಂಥ ಮನೆಯ ಮಗುವಿಗೆ ಅಪ್ಪನ ಬೈಕಿನ ಸದ್ದು ಬೀದಿಯ ತಿರುವಿನಲ್ಲೇ ಗುರುತು ಸಿಗುತ್ತದೆ. ಸ್ಟ್ಯಾಂಡ್ ಹಾಕಿದ ರಭಸದಲ್ಲೇ ಇವತ್ತಿನ ರಾತ್ರಿ ಹೇಗಿರುತ್ತದೆಂದು ಅದಕ್ಕೆ ತಿಳಿಯುತ್ತದೆ. ದೊಡ್ಡವಳು ಚಿಕ್ಕವನನ್ನು ಒಳಕೋಣೆಗೆ ಕರೆದುಕೊಂಡು ಹೋಗಿ ಟಿವಿ ಸದ್ದು ಜಾಸ್ತಿ ಮಾಡುತ್ತಾಳೆ. ನಿದ್ದೆಗೆಟ್ಟ ಮಗು ಮರುದಿನ ತರಗತಿಯಲ್ಲಿ ತೂಕಡಿಸುತ್ತದೆ. ಮೇಷ್ಟರು ಅದನ್ನು ದಡ್ಡ ಎನ್ನುತ್ತಾರೆ. ತಾಯಿ ಹೊಡೆತ ತಿನ್ನುವುದನ್ನು ನೋಡಿ ಬೆಳೆದ ಹೆಣ್ಣುಮಕ್ಕಳು ಮುಂದೆ ತಾವೂ ಗಂಡನಿಂದ ಹಿಂಸೆಗೆ ಒಳಗಾಗುವುದು ಹೆಚ್ಚು ಎಂದು ಇದೇ ಕುಟುಂಬ ಆರೋಗ್ಯ ಸಮೀಕ್ಷೆಗಳು ಮತ್ತೆ ಮತ್ತೆ ತೋರಿಸಿವೆ. ಮಕ್ಕಳಿಗಾಗಿ ಸಹಿಸಿಕೋ ಎನ್ನುವವರು, ಯಾರನ್ನು ಉಳಿಸುತ್ತೇವೆಂದು ಹೊರಟಿದ್ದಾರೋ ಅವರನ್ನೇ ಆ ಮನೆಗೆ ಮತ್ತೆ ಕಳಿಸುತ್ತಿದ್ದಾರೆ.

ಆದರೂ ಅವಳು ಹೋಗುತ್ತಾಳೆ, ಏಕೆಂದರೆ ತವರಿನಲ್ಲಿ ಅವಳು ನೆಂಟಳು. ಅಣ್ಣನಿಗೆ ಮದುವೆಯಾಗಿದೆ, ಅತ್ತಿಗೆಯ ಮುಖ ದಿನದಿಂದ ದಿನಕ್ಕೆ ಬಿಗಿಯುತ್ತದೆ. ಆ ಮನೆಯಲ್ಲಿ ಅವಳಿಗೂ ಪಾಲಿತ್ತು ಎಂಬುದು ಯಾರಿಗೂ ನೆನಪಿಲ್ಲ, ಅವಳಿಗೂ ಇಲ್ಲ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲೇ ಸಮಪಾಲು ಕೊಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಎಲ್ಲ ಹೆಣ್ಣುಮಕ್ಕಳನ್ನೂ ಸೇರಿಸಿತು. ಅದು ಹುಟ್ಟಿನಿಂದ ಬರುವ ಹಕ್ಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಅನುಮಾನಕ್ಕೆ ಎಡೆಯಿಲ್ಲದಂತೆ ಹೇಳಿತು. ಆದರೆ ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದೆ ಒಂದು ಬೆಳಗ್ಗೆ ನಿಂತು ನೋಡಿ. ಅಪ್ಪ ತೀರಿಕೊಂಡಿದ್ದಾರೆ. ಅಕ್ಕತಂಗಿಯರನ್ನು ಅಣ್ಣ ಕಾರು ಮಾಡಿ ಕರೆತಂದಿದ್ದಾನೆ. ಹಕ್ಕು ಖುಲಾಸೆ ಪತ್ರ ಬರೆದಿಟ್ಟು ಆಗಿದೆ. ಅವರು ಬೆರಳೊತ್ತಿ, ಫೋಟೋಗೆ ಮುಖ ಕೊಟ್ಟು ಹೊರಬರುತ್ತಾರೆ. ಅರಿಶಿನ ಕುಂಕುಮಕ್ಕೆಂದು ಒಂದು ಸೀರೆ, ಕೈಗೆ ಒಂದಿಷ್ಟು ದುಡ್ಡು, ಹೋಟೆಲಿನಲ್ಲಿ ಊಟ. ಪಾಲು ಕೇಳಿದರೆ ತವರು ಮುಚ್ಚಿಹೋಗುತ್ತದೆಂದು ಹೆದರಿ ಅವರು ಸಹಿ ಮಾಡುತ್ತಾರೆ. ಸಹಿ ಮಾಡಿದ ಮೇಲೆ, ಹೊಡೆತ ತಿಂದು ಬಂದರೆ, ಆ ತವರು ಒಂದು ವಾರವೂ ತೆರೆದಿರುವುದಿಲ್ಲ.

ಇದು ನನ್ನ ಊಹೆಯಷ್ಟೇ ಅಲ್ಲ. ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ ಮತ್ತು ಪ್ರದೀಪ್ ಪಾಂಡಾ ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ನಡೆಸಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಹೊಲವೂ ಇಲ್ಲದ, ಮನೆಯೂ ಇಲ್ಲದ ಹೆಂಗಸರಲ್ಲಿ ಶೇ. 49ರಷ್ಟು ಮಂದಿ ಗಂಡನ ಹೊಡೆತ ಕಂಡಿದ್ದರು. ಹೊಲವಿದ್ದವರಲ್ಲಿ ಅದು ಶೇ. 18, ಮನೆಯಿದ್ದವರಲ್ಲಿ ಶೇ. 10, ಎರಡೂ ಇದ್ದವರಲ್ಲಿ ಶೇ. 7. ಹೆಂಡತಿಯ ಹೆಸರಲ್ಲಿ ಮನೆ ಇದೆಯೆಂದರೆ ಅವಳು ಎದ್ದು ಹೋಗಬಲ್ಲಳು, ಇಲ್ಲವೇ ‘ನೀನೇ ಹೊರಡು’ ಎನ್ನಬಲ್ಲಳು. ಅದು ಗೊತ್ತಿದ್ದ ಗಂಡ ಕೈ ಎತ್ತುವ ಮುಂಚೆ ಯೋಚಿಸುತ್ತಾನೆ. ವಿದ್ಯೆ ಬೇಕು, ಕೆಲಸ ಬೇಕು ಎಂದು ನಾವು ಹೇಳುತ್ತಲೇ ಬಂದಿದ್ದೇವೆ, ಬೇಕು ಕೂಡ. ಆದರೆ ಸಂಬಳದ ಎಟಿಎಂ ಕಾರ್ಡು ಗಂಡನ ಜೇಬಿನಲ್ಲಿರುವ, ತವರಿನ ಒಡವೆ ಗಂಡನ ಸಾಲಕ್ಕೆ ಅಡವು ಬಿದ್ದಿರುವ ಓದಿದ ಹೆಂಗಸರು ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಇದ್ದಾರೆ.

ಕಾನೂನು ಈ ಮಾತನ್ನು ಗ್ರಹಿಸಿದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆ ಹೊಡೆತದ ಜೊತೆಗೆ ಬೈಗುಳ, ಲೈಂಗಿಕ ಹಿಂಸೆ, ಹಣಕಾಸಿನ ಹಿಂಸೆಯನ್ನೂ ಹಿಂಸೆ ಎಂದೇ ಕರೆಯಿತು. ಅದರ 17ನೇ ಕಲಮಿನ ಪ್ರಕಾರ, ಮನೆ ಯಾರ ಹೆಸರಲ್ಲೇ ಇರಲಿ, ತಾನು ಸಂಸಾರ ಮಾಡಿದ ಮನೆಯಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ಅತ್ತೆ ಮಾವನ ಮನೆಗೂ ಇದು ಅನ್ವಯಿಸಬಹುದೆಂದು 2020ರ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾನೂನಿನ ದುರುಪಯೋಗದ ಮಾತು ಬಂದಾಗಲೆಲ್ಲ ಜನ ಮರೆಯುವ ಸಂಗತಿಯೆಂದರೆ, ಈ ಕಾಯ್ದೆ ದೂರು ಕೊಟ್ಟ ಕೂಡಲೇ ಯಾರನ್ನೂ ಜೈಲಿಗೆ ಹಾಕುವುದಿಲ್ಲ. ಹೊಡೆಯಬೇಡ, ಹೊರಗೆ ಹಾಕಬೇಡ, ಜೀವನಾಂಶ ಕೊಡು ಎಂದು ಮ್ಯಾಜಿಸ್ಟ್ರೇಟರು ಆದೇಶಿಸುತ್ತಾರೆ. ರಕ್ಷಣಾ ಆದೇಶ ಮೀರಿದರೆ ಮಾತ್ರ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಕಾಯ್ದೆ 60 ದಿನದಲ್ಲಿ ಅರ್ಜಿ ಮುಗಿಸಲು ಪ್ರಯತ್ನಿಸಿ ಎನ್ನುತ್ತದೆ. ಅಷ್ಟರಲ್ಲಿ ಮುಗಿಯುವ ಅರ್ಜಿಗಳು ಅಪರೂಪ. ನಮ್ಮಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಈ ಕಾಯ್ದೆಯ ಸಂರಕ್ಷಣಾಧಿಕಾರಿ. ಅಂಗನವಾಡಿಯ ಮೊಟ್ಟೆ, ಹಾಲಿನ ಪುಡಿ, ಕಟ್ಟಡದ ಸೋರಿಕೆ ಎಲ್ಲ ನೋಡಿಕೊಂಡು ಉಳಿದ ಹೊತ್ತಿನಲ್ಲಿ ಅವರು ಹೊಡೆತ ತಿಂದವಳ ವರದಿ ಬರೆದು ಕೋರ್ಟಿಗೆ ಕಳಿಸಬೇಕು. ಪ್ರತಿ ತಾಲ್ಲೂಕಿಗೂ ಇದೊಂದೇ ಕೆಲಸದ ಅಧಿಕಾರಿಯನ್ನು ಸರ್ಕಾರ ನೇಮಿಸಲೇಬೇಕು.

ಆದರೆ ಸರ್ಕಾರ ನೇಮಿಸುವವರೆಗೆ ಕಾಯದೆ ಮಾಡಬಹುದಾದದ್ದು ನಮ್ಮ ಮನೆಗಳಲ್ಲೇ ಇದೆ. ಮಗಳ ಮದುವೆಗೆಂದು ಕೂಡಿಡುತ್ತಿರುವ ತಂದೆತಾಯಿಗಳೇ, ಛತ್ರಕ್ಕೆ, ಊಟಕ್ಕೆ, ಚಿನ್ನಕ್ಕೆ ಹಾಕುವ ದುಡ್ಡಿನಲ್ಲಿ ಅವಳ ಹೆಸರಿಗೊಂದು ಸೈಟೋ, ಸಣ್ಣ ಮನೆಯೋ ಮಾಡಿಡಿ. ಅಣ್ಣತಮ್ಮಂದಿರೇ, ಆ ಖುಲಾಸೆ ಪತ್ರಕ್ಕೆ ಅಕ್ಕತಂಗಿಯರ ಸಹಿ ಕೇಳಬೇಡಿ. ಏಟು ತಿಂದು ಮಗಳು ಬಂದ ದಿನ ಪಂಚಾಯಿತಿ ಕರೆಯುವ ಮೊದಲು, ‘ಇಲ್ಲೇ ಇರು, ಇದು ನಿನ್ನ ಮನೆ’ ಎನ್ನಿ. ಇದನ್ನು ಓದುತ್ತಿರುವವರಲ್ಲಿ ಹೊಡೆತ ತಿನ್ನುತ್ತಿರುವವರಿದ್ದರೆ, ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.