ಪಾರ್ಕಿನ್ಸನ್: ಕೈನಡುಕ ಮಾತ್ರವಲ್ಲ

ಪಾರ್ಕಿನ್ಸನ್ ಕಾಯಿಲೆ ಎಂದೊಡನೆ ಕಣ್ಣಿಗೆ ಕಟ್ಟುವುದು ನಡುಗುವ ಕೈ, ಬಾಗಿದ ಬೆನ್ನು, ಪುಟ್ಟ ಪುಟ್ಟ ಹೆಜ್ಜೆ. ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ನರಕೋಶಗಳು ಕ್ರಮೇಣ ನಾಶವಾಗುವುದೇ ಇದಕ್ಕೆ ಕಾರಣ. ಆದರೆ ಹಾನಿ ಅಲ್ಲಿಗೇ ನಿಲ್ಲುವುದಿಲ್ಲ. ಕರುಳು, ರಕ್ತದೊತ್ತಡ, ನಿದ್ರೆ, ಮನಸ್ಸು ಇವುಗಳಿಗೆ ಸಂಬಂಧಿಸಿದ ನರಗಳನ್ನೂ ಅದು ತಟ್ಟುತ್ತದೆ. ರೋಗಿಯನ್ನೂ ಮನೆಯವರನ್ನೂ ಎಷ್ಟೋ ಸಲ ನಡುಕಕ್ಕಿಂತ ಹೆಚ್ಚು ಹಣ್ಣು ಮಾಡುವುದು ಈ ತೊಂದರೆಗಳೇ. 'ವಯಸ್ಸಾಯಿತು, ಇನ್ನೇನು' ಎಂದು ಅವನ್ನು ತಳ್ಳಿಹಾಕುವುದು ಸರಿಯಲ್ಲ.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯನ್ನು ವಿವರಿಸಿದಾಗಲೇ ಮಲಬದ್ಧತೆ, ನಿದ್ರಾಭಂಗ, ಜೊಲ್ಲು ಸುರಿಯುವುದನ್ನು ಗುರುತಿಸಿದ್ದ. ಬುದ್ಧಿಗೆ ಮಾತ್ರ ಧಕ್ಕೆಯಿಲ್ಲವೆಂದು ಬರೆದಿದ್ದ. ಆ ಮಾತು ಎಲ್ಲ ರೋಗಿಗಳಿಗೂ ಅನ್ವಯಿಸುವುದಿಲ್ಲವೆಂದು ಈಗ ತಿಳಿದಿದೆ.

ನಡುಕಕ್ಕೆ ವರ್ಷಗಳ ಮೊದಲೇ ಕೆಲವರಿಗೆ ಒಗ್ಗರಣೆಯ ವಾಸನೆ ತಿಳಿಯದಂತಾಗುತ್ತದೆ. ಮಲಬದ್ಧತೆ ಕಾಡುತ್ತದೆ. ಕನಸಿನಲ್ಲಿ ಕೂಗುತ್ತಾ ಕೈಕಾಲು ಬಡಿಯುತ್ತಾರೆ. ಹಾಗೆಂದು ಮಲಬದ್ಧತೆ ಇರುವವರೆಲ್ಲ ಗಾಬರಿಪಡಬೇಕಾಗಿಲ್ಲ. ಅದಕ್ಕೆ ಬೇರೆ ಕಾರಣಗಳೇ ಹೆಚ್ಚು.

ಎದ್ದು ನಿಂತೊಡನೆ ಕಣ್ಣು ಕತ್ತಲೆ ಬರುತ್ತದೆಯೇ? ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಮತ್ತೊಮ್ಮೆ ರಕ್ತದೊತ್ತಡ ನೋಡಿಸಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10ರಷ್ಟು ಇಳಿದರೆ ಬೀಳುವ ಅಪಾಯವಿದೆ. ಹಳೆಯ ಬಿ.ಪಿ. ಮಾತ್ರೆಯ ಪ್ರಮಾಣವನ್ನು ವೈದ್ಯರು ಇಳಿಸಬೇಕಾಗಬಹುದು. ಇದೇ ಬಗೆಯ ಮಲ್ಟಿಪಲ್ ಸಿಸ್ಟಂ ಅಟ್ರೋಫಿ ಎಂಬ ರೋಗದಲ್ಲಿ ಈ ಇಳಿತ ಬೇಗನೆ, ತೀವ್ರವಾಗಿ ಕಾಣಿಸಿಕೊಳ್ಳುತ್ತದೆ.

ಖಿನ್ನತೆ ಸೋಮಾರಿತನವಲ್ಲ, ಅದಕ್ಕೆ ಚಿಕಿತ್ಸೆಯಿದೆ. ಕೋಣೆಯಲ್ಲಿ ಇಲ್ಲದವರು ಕಾಣಿಸುವುದು ದೆವ್ವದ ಕಾಟವೂ ಅಲ್ಲ. ಕಾಯಿಲೆ, ಅದರ ಔಷಧ, ಕೆಲವೊಮ್ಮೆ ಮೂತ್ರದ ಸೋಂಕು ಇದಕ್ಕೆ ಕಾರಣ. ಇಂಥ ವೇಳೆ ಹಾಲೊಪೆರಿಡಾಲ್ ಕೊಟ್ಟರೆ ಮೈಬಿಗಿತ ಹೆಚ್ಚುತ್ತದೆ. ಲೆವಿ ಬಾಡಿ ಡಿಮೆನ್ಷಿಯಾ ಇದ್ದರಂತೂ ಜೀವಕ್ಕೇ ಅಪಾಯ. ವಾಂತಿಗೆಂದು ಕೊಡುವ ಮೆಟೊಕ್ಲೊಪ್ರಮೈಡ್ ಕೂಡ ಪಾರ್ಕಿನ್ಸನ್ ರೋಗಿಗೆ ಸಲ್ಲದು. ಆದ್ದರಿಂದ ಯಾವ ವೈದ್ಯರ ಬಳಿ ಹೋದರೂ, ಅಂಗಡಿಯಲ್ಲಿ ಮಾತ್ರೆ ಕೊಳ್ಳುವಾಗಲೂ, 'ಪಾರ್ಕಿನ್ಸನ್ ಇದೆ' ಎಂದು ಮೊದಲೇ ತಿಳಿಸಿ. ಲೆವೊಡೋಪ ಮಾತ್ರೆಯನ್ನು ಮಾತ್ರ ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ.

ವೈದ್ಯರು ಕೈ ಹಿಡಿದು ಬಿಗಿತ ನೋಡುತ್ತಾರೆ, ನಡೆಸಿ ನೋಡುತ್ತಾರೆ. ರಾತ್ರಿಯ ನಿದ್ರೆ, ಹೊಟ್ಟೆ, ಮನಸ್ಸು ಅಲ್ಲಿ ಕಾಣುವುದಿಲ್ಲ. ರೋಗಿ ಸಂಕೋಚದಿಂದ ಹೇಳುವುದಿಲ್ಲ. ಇದೆಲ್ಲ ಅದೇ ಕಾಯಿಲೆಯದೆಂದು ಅವರಿಗೆ ತಿಳಿದೂ ಇರುವುದಿಲ್ಲ. ಹೇಳಬೇಕಾದವರು ನೀವು. ಮುಂದಿನ ಭೇಟಿಗೆ ಹೋಗುವಾಗ ಒಂದು ಹಾಳೆಯಲ್ಲಿ ನಿದ್ರೆ, ಮಲಮೂತ್ರ, ತಲೆಸುತ್ತು, ಮನಸ್ಸು, ನೆನಪು ಎಂದು ಐದು ಸಾಲು ಬರೆದುಕೊಂಡು ಹೋಗಿ. ವೈದ್ಯರು ಕೇಳದಿದ್ದರೂ ಓದಿ ಹೇಳಿ. ಕಾಯಿಲೆಯನ್ನು ಪೂರ್ತಿ ವಾಸಿ ಮಾಡುವ ಔಷಧ ಇನ್ನೂ ಇಲ್ಲ ನಿಜ. ಆದರೆ ಈ ಪಟ್ಟಿಯಲ್ಲಿರುವ ಬಹುಪಾಲು ತೊಂದರೆಗಳನ್ನು ತಗ್ಗಿಸಲು ಖಂಡಿತ ಸಾಧ್ಯ.