‘ನಮ್ಮವರ ಹೋಟೆಲು’ ಯಾರದು?



“ನಮ್ಮವರ ಹೋಟೆಲಿಗೇ ಹೋಗಿರಿ, ನಮ್ಮವರ ವ್ಯಾಪಾರವನ್ನೇ ಬೆಳೆಸಿರಿ” ಎಂಬ ಕರೆ ಪರನಾಡಿನ ಕನ್ನಡ ಸಮಾರಂಭಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಕರೆ ಒಳ್ಳೆಯದೇ. ಸೂರತ್ ಪೇಟೆಯಾಚೆ, ತಾಪಿ ನದಿ ಸಮುದ್ರ ಸೇರುವಲ್ಲಿರುವ ಹಜೀರಾವನ್ನೇ ನೋಡಿ. ಅಲ್ಲಿ ಉಕ್ಕಿನ ಕಾರ್ಖಾನೆಯಿದೆ, ಗೊಬ್ಬರದ ಕಾರ್ಖಾನೆಯಿದೆ, ಬಂದರಿದೆ. ಪಾಳಿ ಮುಗಿಸಿ ಬಂದ ಕನ್ನಡಿಗನಿಗೆ ಊರಿನ ಸಾರು, ಊರಿನ ಮಾತು ಎರಡೂ ಒಟ್ಟಿಗೆ ಸಿಗುವುದಾದರೆ ಅದು ನಮ್ಮವರ ಹೋಟೆಲಿನಲ್ಲೇ. ಅಂಥ ಹೋಟೆಲು ಬಾಳಲಿ, ಒಂದು ಹತ್ತಾಗಲಿ ಎಂದು ನಾವೂ ಬಯಸುತ್ತೇವೆ. ಆದರೆ ಗಿರಾಕಿಯನ್ನು ಕರೆಯುವಾಗ “ನಾವು ನಾವು” ಎನ್ನುವ ಬಾಯಿ ಸಂಬಳದ ದಿನ ಬೇರೆ ಮಾತಾಡುವುದೇಕೆ?

ನಾವು ಬಲ್ಲ ಒಂದು ಹೋಟೆಲಿನ ಮಾತು ಹೇಳುತ್ತೇವೆ, ಹೆಸರು ಬೇಡ. ಬೆಳಿಗ್ಗೆ ಐದಕ್ಕೆ ಇಡ್ಲಿ ಬೇಯಿಸಲು ಎದ್ದ ಮಾಣಿ ರಾತ್ರಿ ಹನ್ನೊಂದಕ್ಕೆ ಮೇಜು ಒರೆಸಿ, ಆ ಮೇಜಿನ ಮೇಲೆಯೇ ಮಲಗುತ್ತಾನೆ. ವಾರದ ರಜೆ ಕೇಳಿದರೆ, “ನೀನೇನು ಹೊರಗಿನವನೇ? ಮನೆಯವನಲ್ಲವೇ?” ಎಂಬ ಉತ್ತರ. ಸಂಬಳ ಹೆಚ್ಚಿಸಿ ಎಂದರೆ, “ಉಂಡ ಮನೆಗೆ ಎರಡು ಬಗೆಯುತ್ತೀಯಾ?” ಎಂಬ ಗದರಿಕೆ. ಸ್ವಾಮೀ, ಆ ಮನೆಯ ಅನ್ನ ಬೇಯಿಸಿದವನೂ ಅವನೇ ಅಲ್ಲವೇ? ಮನೆಯವನಾದರೆ ಲಾಭದಲ್ಲಿ ಪಾಲು ಕೊಡಿ. ಕೆಲಸದವನಾದರೆ ದುಡಿಮೆಗೆ ತಕ್ಕ ಸಂಬಳ ಕೊಡಿ, ರಜೆ ಕೊಡಿ. ಎರಡೂ ಇಲ್ಲವೆಂದಾದರೆ ಆ ನೆಂಟಸ್ತಿಕೆ ಯಾರಿಗೆ ಬೇಕು?

ಗಲ್ಲಾದ ಹಿಂದೆ ಕುಳಿತ ಅನೇಕರು ಒಂದು ಕಾಲಕ್ಕೆ ಮಾಣಿಗಳೇ ಆಗಿದ್ದವರು. ಕಡಂದಲೆಯ ಕೃಷ್ಣರಾಯರು ಮದರಾಸಿನ ಅಡಿಗೆಮನೆಯಲ್ಲಿ ಮೈಮುರಿದು ದುಡಿದೇ ಮುಂದೆ 1938ರಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ತೆರೆದರು. ಇದು ನಮಗೆಲ್ಲ ಹೆಮ್ಮೆಯ ಮಾತು. ಆದರೆ ಮೇಲೆ ಬಂದವರು ತಾವು ಏರಿದ ಏಣಿಯನ್ನೇ ಒದೆದರೆ ಆ ಹೆಮ್ಮೆ ಉಳಿಯದು.

ಇನ್ನು ಸಂಸ್ಕೃತಿಯ ಮಾತು. ವರ್ಷಕ್ಕೊಮ್ಮೆ ಊರಿನಿಂದ ಮೇಳ ಕರೆಸಿ ಯಕ್ಷಗಾನ ಆಡಿಸುತ್ತಾರೆ. ವೇದಿಕೆಯ ಮೇಲೆ ಧಣಿಗಳಿಗೆ ಶಾಲು, ಹಾರ, ಹೊಗಳಿಕೆ. ಚೆಂಡೆಯ ಸದ್ದು ಕೇಳುತ್ತ ಬೆಳೆದ ಮಾಣಿ ಆ ರಾತ್ರಿಯೂ ಹಿಂದಿನ ಮೋರಿಯ ಬಳಿ ಪಾತ್ರೆ ತಿಕ್ಕುತ್ತಿರುತ್ತಾನೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದರೆ ಇದೇ. ಹಿಂದಿನವರು ಸಂಸ್ಕೃತಿಯನ್ನು ಹೀಗೆ ತಿಳಿದಿರಲಿಲ್ಲ. ಮುಂಬಯಿಯಲ್ಲಿ 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಘಗಳು ರಾತ್ರಿಶಾಲೆ ತೆರೆದವು. ಹಗಲೆಲ್ಲ ದುಡಿದ ಹುಡುಗರು ರಾತ್ರಿ ಪುಸ್ತಕ ಹಿಡಿದು ಕುಳಿತರು. ಪರನಾಡಿನಲ್ಲಿ ಕನ್ನಡ ಉಳಿದದ್ದು ಹಾರದಿಂದಲ್ಲ, ಆ ದೀಪದಿಂದ.

“ಧಣಿ ನಮ್ಮವರೇ, ಅವರೊಡನೆ ನ್ಯಾಯ ಕೇಳುವುದೇ?” ಎಂದು ಹಿಂಜರಿಯುವವರು ನಮ್ಮಲ್ಲೂ ಇದ್ದಾರೆ. ಅವರಿಗೆ ಈ ಗುಜರಾತಿನ ನೆಲವೇ ಪಾಠ ಹೇಳಿದೆ. 1918ರ ಅಹಮದಾಬಾದಿನ ಗಿರಣಿ ಮುಷ್ಕರದಲ್ಲಿ ಮಾಲೀಕರ ಮುಂದಾಳು ಅಂಬಾಲಾಲ ಸಾರಾಭಾಯಿ. ಕಾರ್ಮಿಕರ ಪಕ್ಷದಲ್ಲಿ ನಿಂತವರು ಅವರ ಸ್ವಂತ ಅಕ್ಕ ಅನಸೂಯಾಬೆನ್. ಮಾಲೀಕರು ನೂರಕ್ಕೆ 20 ಹೆಚ್ಚಿಸುತ್ತೇವೆಂದರು. ಕಾರ್ಮಿಕರು 35 ಬೇಕೆಂದರು. ಗಾಂಧೀಜಿ ಉಪವಾಸ ಕುಳಿತರು. ಕೊನೆಗೆ ಪಂಚಾಯಿತಿ ತೀರ್ಪು 35ಕ್ಕೇ ಬಂತು. 1920ರಲ್ಲಿ ಮಜೂರ್ ಮಹಾಜನ ಸಂಘ ಎದ್ದು ನಿಂತಿತು. ಒಂದೇ ಮನೆಯ ಅಕ್ಕತಮ್ಮಂದಿರ ನಡುವೆ ಹಕ್ಕಿನ ಮಾತು ಎದ್ದೀತಾದರೆ, ಒಂದೇ ತಾಲೂಕಿನವರ ನಡುವೆ ಏಳಬಾರದೇ?

ನಿಜವಾಗಿ ನಮ್ಮದೆನ್ನುವ ಹೋಟೆಲನ್ನೂ ಕಟ್ಟಬಹುದು. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಹೊರಟಾಗ ಕೆಲಸಗಾರರು ಕೈಕಟ್ಟಿ ಕೂರಲಿಲ್ಲ. ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ಸಹಕಾರಿ ಸಂಘ ಕಟ್ಟಿದರು. ಮೊದಲನೆಯದು 1957ರಲ್ಲಿ ನಮ್ಮ ಬೆಂಗಳೂರಿನಲ್ಲೇ ಹುಟ್ಟಿತು. ಬಡಿಸುವವನೇ ಪಾಲುದಾರನಾದ. ಇತ್ತ ಗುಜರಾತಿನ ಖೇಡಾ ಜಿಲ್ಲೆಯ ಹಾಲಿನ ರೈತರು 1946ರಲ್ಲೇ ಆನಂದದಲ್ಲಿ ಸಹಕಾರಿ ಸಂಘ ಕಟ್ಟಿ, ಮುಂದೆ ಅಮೂಲ್ ಹೆಸರನ್ನು ದೇಶಕ್ಕೆಲ್ಲ ಪರಿಚಯಿಸಿದರು. ಹಾಲು ಕರೆದವರಿಗೆ ಆದದ್ದು ಇಡ್ಲಿ ಬೇಯಿಸಿದವರಿಗೆ ಆಗದೇ? ಹಜೀರಾದಲ್ಲಿ ಹತ್ತು ಜನ ಭಟ್ಟರು, ಮಾಣಿಗಳು ಸೇರಿ ಪಾಲುಹಣ ಕೂಡಿಸಿದರೆ ಉಣ್ಣಲು ಬರುವ ಕಾರ್ಮಿಕರು ಬೇಕಾದಷ್ಟಿದ್ದಾರೆ.

ಅಷ್ಟರವರೆಗೆ ಕಾರ್ಖಾನೆಯ, ಗಿರಣಿಯ ಅಣ್ಣತಮ್ಮಂದಿರಲ್ಲಿ ಒಂದು ಬೇಡಿಕೆ. ನಮ್ಮವರ ಹೋಟೆಲಿಗೆ ಅವಶ್ಯ ಹೋಗಿ. ಊಟ ಮುಗಿದ ಮೇಲೆ ಬಡಿಸಿದ ಹುಡುಗನನ್ನು ಮೆಲ್ಲನೆ ಕೇಳಿ: “ತಮ್ಮಾ, ನಿನಗೆ ವಾರದ ರಜೆ ಯಾವತ್ತು?” ಅವನು ತಲೆ ತಗ್ಗಿಸಿದರೆ ಗಲ್ಲಾದ ಬಳಿ ದುಡ್ಡು ಕೊಡುವಾಗ ಅದೇ ಪ್ರಶ್ನೆಯನ್ನು ಧಣಿಗಳಿಗೆ ಕೇಳಿ. ಒಬ್ಬರು ಕೇಳಿದರೆ ನಕ್ಕಾರು. ಪಾಳಿಯ ಐವತ್ತು ಜನವೂ ಕೇಳಿದರೆ ಉತ್ತರ ಕೊಡದೆ ಗತಿಯಿಲ್ಲ. ಆ ಉತ್ತರ ಸರಿಯಾಗಿ ಬಂದ ದಿನ ಆ ಹೋಟೆಲನ್ನು ನಾವೇ ಎದೆತಟ್ಟಿ ‘ನಮ್ಮವರ ಹೋಟೆಲು’ ಎಂದು ಕರೆಯೋಣ.